ಯಂತ್ರದ ದನಿಗೊಂದು ವಿವರಪಟ್ಟಿ

ಸಂಗೀತ ಕಚೇರಿಯೊಂದು ಆರಂಭವಾಗುವ ಮುನ್ನ ವೇದಿಕೆಯ ಮೇಲೆ ನಡೆಯುವ ಸಿದ್ಧತೆಯನ್ನು ನೀವು ನೋಡಿರಬಹುದು. ತಂಬೂರಿಯವರು ತಂತಿಯನ್ನು ಮೀಟಿ ಶ್ರುತಿ ಕೂಡಿಸುತ್ತಾರೆ. ಪಿಟೀಲಿನವರು ಬಿರಡೆಯನ್ನು ತಿರುಗಿಸಿ ತಮ್ಮ ವಾದ್ಯವನ್ನು ಆ ಶ್ರುತಿಗೆ ಹೊಂದಿಸಿಕೊಳ್ಳುತ್ತಾರೆ. ಮೃದಂಗದವರು ವಾದ್ಯದ ಅಂಚನ್ನು ತಟ್ಟಿ ತಟ್ಟಿ ನಾದವನ್ನು ಹದಕ್ಕೆ ತರುತ್ತಾರೆ. ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾರ ತಾಳವನ್ನು ಯಾರು ಅನುಸರಿಸಬೇಕು ಎಂಬುದು ಅವರೆಲ್ಲರಿಗೂ ತಿಳಿದಿರುತ್ತದೆ. ಇಷ್ಟೆಲ್ಲ ಕೂಡಿಬಂದ ಮೇಲೆಯೇ ಗಾಯಕರು ಕಂಠವೆತ್ತುವುದು.

ನಮ್ಮ ಕೈಯಲ್ಲಿರುವ ಮೊಬೈಲಿನಿಂದ ಹಾಡೊಂದು ಹೊರಹೊಮ್ಮುವ ಮುನ್ನವೂ ಇಂಥದೇ ಒಂದು ಸಿದ್ಧತೆ ನಡೆದಿರುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅಲ್ಲಿಯೂ ವಾದ್ಯಗಳಂತೆ ಹಲವು ಅಂಗಗಳಿವೆ. ಅವುಗಳಿಗೂ ಸ್ಥಾನವಿದೆ, ತಾಳವಿದೆ. ಆದರೆ ಆ ಅಂಗಗಳು ಮಾತನಾಡಲಾರವು. ಅವುಗಳ ಪರವಾಗಿ ಯಾರೋ ಒಬ್ಬರು ಮೊದಲೇ ಒಂದು ವಿವರಪಟ್ಟಿಯನ್ನು ಬರೆದಿಟ್ಟಿರಬೇಕಾಗುತ್ತದೆ. ಆ ಪಟ್ಟಿಯನ್ನು ಹೇಗೆ ಬರೆಯಬೇಕು, ಅದರಲ್ಲಿ ತಪ್ಪು ನುಸುಳಿದರೆ ಏನಾಗುತ್ತದೆ, ತಪ್ಪು ನುಸುಳದಂತೆ ಅದನ್ನು ಹೇಗೆ ಹೊಸದಾಗಿ ಕಟ್ಟಲಾಯಿತು ಎಂಬುದೇ ಈ ಪಾಠದ ವಿಷಯ.

ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳಿಗೆ ಯಂತ್ರಾಂಶವೆಂದೂ ಅವುಗಳನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದೂ ಹೆಸರು. ಯಂತ್ರಾಂಶಕ್ಕೂ ನಾವು ಬಳಸುವ ಇತರ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಿರ್ವಹಿಸುವುದೇ ಕಾರ್ಯಾಚರಣ ವ್ಯವಸ್ಥೆ. ಅದರ ಒಳಭಾಗವನ್ನು ಕರ್ನಲ್ ಎನ್ನುವರು. ಆ ಮಾತಿಗೆ ತಿರುಳು ಎಂದೇ ಅರ್ಥ. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟಾರ್ವಾಲ್ಡ್ಸ್ ಎಂಬ ತರುಣನು ಇಂಥದೊಂದು ಕರ್ನಲನ್ನು ಬರೆದು, ಅದರ ಮೂಲಪಾಠವನ್ನು ಯಾರು ಬೇಕಾದರೂ ಓದುವಂತೆ, ತಿದ್ದುವಂತೆ ಲೋಕದ ಮುಂದಿಟ್ಟನು. ಅದೇ ಲಿನಕ್ಸ್. ಇಂದು ಅದನ್ನು ಅನೇಕ ದೇಶಗಳ ಸಾವಿರಾರು ಜನರು ಕೂಡಿ ಬೆಳೆಸುತ್ತಿದ್ದಾರೆ. ಆಂಡ್ರಾಯ್ಡ್ ಮೊಬೈಲುಗಳ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ.

ಇನ್ನು ಧ್ವನಿಯ ದಾರಿಯನ್ನು ನೋಡೋಣ. ಯಂತ್ರದ ಸ್ಮೃತಿಯಲ್ಲಿ ಹಾಡೆಂಬುದು ಬರಿಯ ಅಂಕೆಗಳ ಸಾಲು. ಧ್ವನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆ ಅಳತೆಗಳನ್ನು ಅಂಕೆಗಳಾಗಿ ಬರೆದಿಟ್ಟಿರುತ್ತಾರೆ. ಸಂಗೀತದ ಸಿ.ಡಿ.ಗಳಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳಿರುತ್ತವೆ. ಇತರ ಅನೇಕ ಉಪಕರಣಗಳಲ್ಲಿ ೪೮,೦೦೦. ಈ ಅಂಕೆಗಳು ಮುಖ್ಯ ಚಿಪ್‌ನಿಂದ ಹೊರಟು ಕೋಡೆಕ್ ಎಂಬ ಮತ್ತೊಂದು ಚಿಪ್ಪನ್ನು ಸೇರುತ್ತವೆ. ಅಂಕೆಗಳನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವುದು ಕೋಡೆಕ್ಕಿನ ಕೆಲಸ. ಆ ಅಲೆ ಬಲಹೀನವಾದುದು. ಆಂಪ್ಲಿಫೈಯರು ಅದಕ್ಕೆ ಬಲವನ್ನು ಕೊಡುತ್ತದೆ. ಕಡೆಗೆ ಸ್ಪೀಕರಿನ ಪರದೆ ಕಂಪಿಸಿ ನಮ್ಮ ಕಿವಿಗೆ ಹಾಡು ಕೇಳಿಸುತ್ತದೆ.

ಮುಖ್ಯ ಚಿಪ್‌ನಿಂದ ಕೋಡೆಕ್ಕಿಗೆ ಅಂಕೆಗಳನ್ನು ಸಾಗಿಸಲು ಫಿಲಿಪ್ಸ್ ಕಂಪನಿಯು ೧೯೮೬ರಲ್ಲಿ ರೂಪಿಸಿದ ಪದ್ಧತಿಯೊಂದು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಮುಖ್ಯವಾಗಿ ಮೂರು ತಂತಿಗಳು. ಒಂದರಲ್ಲಿ ಅಂಕೆಗಳು ಹರಿಯುತ್ತವೆ. ಎರಡನೆಯದು, ಈಗ ಬರುತ್ತಿರುವ ಅಂಕೆ ಎಡಗಿವಿಯದೋ ಬಲಗಿವಿಯದೋ ಎಂಬುದನ್ನು ಸೂಚಿಸುತ್ತದೆ. ಮೂರನೆಯದು ತಾಳ ಹಾಕುತ್ತದೆ. ಸೆಕೆಂಡಿಗೆ ೪೮,೦೦೦ ಅಳತೆ, ಎರಡು ಕಿವಿ, ಒಂದೊಂದು ಅಳತೆಗೆ ೧೬ ಬಿಟ್‌ಗಳು. ಗುಣಿಸಿ ನೋಡಿದರೆ ಆ ತಂತಿಯು ಸೆಕೆಂಡಿಗೆ ೧೫,೩೬,೦೦೦ ಸಲ ಮಿಡಿಯಬೇಕಾಗುತ್ತದೆ! ಇದಲ್ಲದೆ ಅನೇಕ ಕೋಡೆಕ್ಕುಗಳಿಗೆ ಅಳತೆಯ ವೇಗದ ೨೫೬ ಪಟ್ಟು, ಎಂದರೆ ಸೆಕೆಂಡಿಗೆ ೧,೨೨,೮೮,೦೦೦ ಮಿಡಿತಗಳ ಒಂದು ಮೂಲತಾಳವೂ ಬೇಕು.

ಇಲ್ಲೊಂದು ಸೂಕ್ಷ್ಮವಿದೆ. ತಾಳವನ್ನು ಮುಖ್ಯ ಚಿಪ್ ಹಾಕಬಹುದು, ಇಲ್ಲವೇ ಕೋಡೆಕ್ ಹಾಕಬಹುದು. ಆದರೆ ಹಾಕುವವರು ಒಬ್ಬರೇ ಇರಬೇಕು. ಇಬ್ಬರೂ ಹಾಕತೊಡಗಿದರೆ ‘ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು’ ಎಂಬ ಗಾದೆಯಂತಾಗುತ್ತದೆ. ಇಬ್ಬರೂ ಇನ್ನೊಬ್ಬರು ಹಾಕಲೆಂದು ಸುಮ್ಮನೆ ಕುಳಿತರೆ ಮೌನವೇ ಗತಿ.

ಹಾಗಾದರೆ ತನ್ನ ಯಂತ್ರದಲ್ಲಿ ಯಾವ ಕೋಡೆಕ್ ಇದೆ, ಅದು ಯಾವ ತಂತಿಗೆ ಜೋಡಣೆಯಾಗಿದೆ, ತಾಳ ಹಾಕುವವರು ಯಾರು ಎಂಬುದು ಕರ್ನಲ್ಲಿಗೆ ಹೇಗೆ ತಿಳಿಯಬೇಕು? ಕೆಲವು ಸಾಧನಗಳು ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳುತ್ತವೆ. ಯು.ಎಸ್.ಬಿ. ತಂತಿಯಿಂದ ಜೋಡಿಸುವ ಉಪಕರಣಗಳು ಅಂಥವು. ಬಾಗಿಲಿಗೆ ಬಂದ ಅತಿಥಿಯು ತನ್ನ ಹೆಸರು, ಊರು ತಿಳಿಸುವಂತೆ ಅವು ತಮ್ಮ ತಯಾರಕರ ಸಂಖ್ಯೆಯನ್ನೂ ತಮ್ಮ ಸಂಖ್ಯೆಯನ್ನೂ ತಿಳಿಸುತ್ತವೆ. ಆದರೆ ಮೊಬೈಲಿನ ಫಲಕದ ಮೇಲೆ ಬೆಸುಗೆ ಹಾಕಿ ಕೂರಿಸಿದ ಕೋಡೆಕ್, ಆಂಪ್ಲಿಫೈಯರುಗಳು ಹಾಗಲ್ಲ. ಅವು ಮೌನವ್ರತ ಹಿಡಿದವರಂತೆ. ಅವುಗಳ ವಿಳಾಸ ಮೊದಲೇ ತಿಳಿದಿದ್ದರೆ ಮಾತ್ರ ಕರ್ನಲ್ ಅವುಗಳೊಡನೆ ವ್ಯವಹರಿಸಬಲ್ಲದು.

ಬಹುಕಾಲ ಈ ವಿವರಗಳನ್ನು ಕರ್ನಲ್ಲಿನ ಆಜ್ಞೆಗಳ ನಡುವೆಯೇ ಬರೆಯುವ ರೂಢಿಯಿತ್ತು. ಒಂದೊಂದು ಫಲಕಕ್ಕೂ ಒಂದೊಂದು ಕಡತ. ಮೊಬೈಲುಗಳ ಸಂಖ್ಯೆ ಹೆಚ್ಚಿದಂತೆ ಕಡತಗಳ ಸಂಖ್ಯೆಯೂ ಏರಿತು. ಎ.ಆರ್.ಎಂ. ಜಾತಿಯ ಚಿಪ್ಪುಗಳಿಗೆ ಸಂಬಂಧಿಸಿದ ಭಾಗವು ಹೀಗೆ ಅಂಕೆಯಿಲ್ಲದೆ ಉಬ್ಬುತ್ತಿರುವುದನ್ನು ಕಂಡು ಟಾರ್ವಾಲ್ಡ್ಸರು ೨೦೧೧ರಲ್ಲಿ ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ವ್ಯಕ್ತಪಡಿಸಿದರು. ವಿವರವು ಬೇರೆ, ವಿಧಾನವು ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಸಲ್ಲದು ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಇದಕ್ಕೆ ಪರಿಹಾರವು ಬೇರೊಂದೆಡೆ ಆಗಲೇ ಸಿದ್ಧವಾಗಿತ್ತು. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಕಂಪನಿಯು ತನ್ನ ಯಂತ್ರಗಳಲ್ಲಿ ಯಂತ್ರಾಂಶದ ವಿವರವನ್ನು ಮರದ ಆಕಾರದಲ್ಲಿ ಜೋಡಿಸಿಡುವ ಕ್ರಮವನ್ನು ರೂಢಿಸಿಕೊಂಡಿತ್ತು. ೧೯೯೪ರಲ್ಲಿ ಅದಕ್ಕೆ ಒಂದು ಮಾನಕದ ರೂಪ ದೊರೆಯಿತು. ೨೦೦೫ರಲ್ಲಿ ಲಿನಕ್ಸಿನವರು ಅದನ್ನು ಸರಳಗೊಳಿಸಿ ಪವರ್‌ಪಿಸಿ ಎಂಬ ಜಾತಿಯ ಯಂತ್ರಗಳಿಗೆ ಬಳಸಿದರು. ೨೦೧೧ರ ಅನಂತರ ಎ.ಆರ್.ಎಂ. ಯಂತ್ರಗಳೂ ಅದೇ ದಾರಿಯನ್ನು ಹಿಡಿದವು. ಇದರ ಹೆಸರು ಡಿವೈಸ್ ಟ್ರೀ. ನಾವು ಸಾಧನವೃಕ್ಷ ಎನ್ನೋಣ.

ಸಾಧನವೃಕ್ಷಕ್ಕೆ ಒಂದು ಬೇರು, ಹಲವು ಕೊಂಬೆಗಳು, ಕೊಂಬೆಗಳಲ್ಲಿ ಗೆಣ್ಣುಗಳು. ಒಂದೊಂದು ಗೆಣ್ಣೂ ಒಂದೊಂದು ಸಾಧನ. ಅದರಲ್ಲಿ ಆ ಸಾಧನದ ಗುಣಗಳನ್ನು ಬರೆದಿರುತ್ತಾರೆ: ತಯಾರಕರು ಯಾರು, ಮಾದರಿ ಯಾವುದು, ವಿಳಾಸವೇನು, ಮೂಲತಾಳ ಎಲ್ಲಿಂದ ಬರುತ್ತದೆ, ಹೀಗೆ. ಯಂತ್ರವು ಎಚ್ಚರಗೊಳ್ಳುವಾಗ ಈ ವೃಕ್ಷವನ್ನು ಕರ್ನಲ್ಲಿನ ಕೈಗೆ ಒಪ್ಪಿಸಲಾಗುತ್ತದೆ. ಕರ್ನಲ್ ಅದನ್ನು ಓದಿ ಒಂದೊಂದು ಸಾಧನಕ್ಕೂ ತಕ್ಕ ಚಾಲಕ ತಂತ್ರಾಂಶವನ್ನು ನೇಮಿಸುತ್ತದೆ. ಹೊಸ ಫಲಕ ಬಂದರೆ ಬಹುಮಟ್ಟಿಗೆ ಹೊಸ ವೃಕ್ಷವೊಂದನ್ನು ಬರೆದರೆ ಸಾಕು.

ಆದರೆ ವೃಕ್ಷದಲ್ಲಿ ಯಾವ ಗುಣವನ್ನು ಯಾವ ಹೆಸರಿನಿಂದ ಬರೆಯಬೇಕು ಎಂಬುದಕ್ಕೂ ಒಂದು ನಿಯಮ ಬೇಕಷ್ಟೆ. ಮೊದಮೊದಲು ಆ ನಿಯಮಗಳನ್ನು ಸಾಧಾರಣ ಗದ್ಯದಲ್ಲಿ ಬರೆದಿಡುತ್ತಿದ್ದರು. ಒಂದೊಂದು ಚಿಪ್ಪಿಗೂ ಒಂದೊಂದು ಟಿಪ್ಪಣಿ. ಬರೆದವರ ಮನೋಧರ್ಮದಂತೆ ಒಂದು ವಿಸ್ತಾರ, ಒಂದು ಸಂಕ್ಷಿಪ್ತ, ಒಂದು ಅಸ್ಪಷ್ಟ. ಇದರಿಂದ ಏನು ಕೆಡುಕಾಗುತ್ತದೆಂಬುದನ್ನು ಹೇಳಲು ನನ್ನ ಅಧ್ಯಾಪಕ ವೃತ್ತಿಯ ಕಾಲದ ಒಂದು ಪ್ರಸಂಗವನ್ನು ನೆನೆಯುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ ದಾಖಲಾತಿ ಪುಸ್ತಕಕ್ಕೆ ಮಕ್ಕಳ ಹೆಸರನ್ನು ಬರೆಯುವುದಕ್ಕೆ ಗೊತ್ತಾದ ಕ್ರಮವಿರಲಿಲ್ಲ. ಒಬ್ಬರು ಊರಿನ ಹೆಸರನ್ನು ಮೊದಲು ಬರೆದರೆ, ಇನ್ನೊಬ್ಬರು ತಂದೆಯ ಹೆಸರನ್ನು ಕೊನೆಗೆ ಸೇರಿಸುತ್ತಿದ್ದರು. ಮತ್ತೊಬ್ಬರು ಎರಡನ್ನೂ ಒಂದೊಂದು ಅಕ್ಷರಕ್ಕೆ ಮೊಟಕುಗೊಳಿಸುತ್ತಿದ್ದರು. ಎಂಟನೆಯ ತರಗತಿಯ ಒಬ್ಬ ಬಡ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ಹಿಂದಿರುಗಿ ಬಂದಿತು. ಅರ್ಜಿಯಲ್ಲಿ ಒಂದು ಬಗೆ, ದಾಖಲಾತಿಯಲ್ಲಿ ಇನ್ನೊಂದು ಬಗೆ. ಇಬ್ಬರೂ ಒಬ್ಬಳೇ ಎಂದು ನಂಬುವುದು ಹೇಗೆಂದು ಮೇಲಿನವರು ಕೇಳಿದ್ದರು. ಪತ್ರ ವ್ಯವಹಾರ ಮುಗಿಯುವಷ್ಟರಲ್ಲಿ ಆ ವರ್ಷದ ಹಣ ಕೈತಪ್ಪಿಹೋಯಿತು. ಯಾರೂ ಸುಳ್ಳು ಬರೆದಿರಲಿಲ್ಲ. ಎಲ್ಲರೂ ನಿಜವನ್ನೇ ಬರೆದಿದ್ದರು. ಆದರೆ ಒಬ್ಬೊಬ್ಬರು ಒಂದೊಂದು ಆಕಾರದಲ್ಲಿ ಬರೆದಿದ್ದರು. ಅದಕ್ಕೆ ದಂಡ ತೆತ್ತವಳು ಏನೂ ಅರಿಯದ ಆ ಹುಡುಗಿ. ಮರುವರ್ಷ ನಾವು ಹೆಸರು, ತಂದೆಯ ಹೆಸರು, ಊರು ಎಂದು ಬೇರೆ ಬೇರೆ ಅಂಕಣಗಳಿರುವ ನಮೂನೆಯನ್ನು ಮಾಡಿಕೊಂಡೆವು.

ಸಾಧನವೃಕ್ಷದಲ್ಲಿಯೂ ಹೀಗೆಯೇ ಆಗುತ್ತಿತ್ತು. ವೃಕ್ಷವನ್ನು ಬರೆಯುವವನು ಒಂದು ಗುಣದ ಹೆಸರಿನಲ್ಲಿ ಒಂದಕ್ಷರ ತಪ್ಪಿದನೆನ್ನಿ. ಆವರಣ, ವಿರಾಮಚಿಹ್ನೆಗಳು ಸರಿಯಾಗಿದ್ದರೆ ಅದು ಪರೀಕ್ಷೆಯಲ್ಲಿ ಪಾರಾಗುತ್ತಿತ್ತು. ತನಗೆ ತಿಳಿಯದ ಗುಣವನ್ನು ಕರ್ನಲ್ ಕೇಳುವ ಗೋಜಿಗೂ ಹೋಗುವುದಿಲ್ಲ. ಧ್ವನಿಯ ವಿಷಯದಲ್ಲಿ ಇದು ಇನ್ನೂ ಕಷ್ಟ. ಮುಖ್ಯ ಚಿಪ್, ಕೋಡೆಕ್, ಆಂಪ್ಲಿಫೈಯರು ಎಲ್ಲವೂ ಕೂಡಿದ ಮೇಲೆಯೇ ಅದು ಒಂದು ಮೇಳವಾಗುತ್ತದೆ. ಒಂದು ಅಂಗ ಸಿಗದಿದ್ದರೂ, ಮೃದಂಗದವರು ಬಾರದ ಕಚೇರಿಯಂತೆ, ಕರ್ನಲ್ ಕಾಯುತ್ತ ಕೂರುತ್ತದೆ. ಯಂತ್ರ ಎಚ್ಚರಗೊಳ್ಳುತ್ತದೆ, ಪರದೆ ಬೆಳಗುತ್ತದೆ, ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ದನಿ ಮಾತ್ರ ಇಲ್ಲ. ಕೊಂಡವನಿಗೆ ಕಾರಣ ತಿಳಿಯದು. ಮಾಡಿದವನಿಗೂ ಅದನ್ನು ಹುಡುಕಲು ದಿನಗಟ್ಟಲೆ ಬೇಕಾಗಬಹುದು.

ಆದುದರಿಂದ ನಿಯಮಗಳನ್ನು ಮನುಷ್ಯನೂ ಓದುವಂತೆ, ಯಂತ್ರವೂ ಓದಿ ಪರೀಕ್ಷಿಸುವಂತೆ ಬರೆಯಬೇಕೆಂಬ ವಿಚಾರ ಬಂದಿತು. ರಾಬ್ ಹೆರಿಂಗ್ ಮೊದಲಾದವರ ಪ್ರಯತ್ನದಿಂದ ೨೦೧೮-೧೯ರ ಹೊತ್ತಿಗೆ ಅಂಥ ಕ್ರಮವು ಲಿನಕ್ಸಿನಲ್ಲಿ ಜಾರಿಗೆ ಬಂದಿತು. ಇಂಥ ನಿಯಮಾವಳಿಗೆ ಸ್ಕೀಮಾ ಎಂದು ಹೆಸರು. ಯಾವ ಗುಣಗಳು ಇರಲೇಬೇಕು, ಯಾವುವು ಇದ್ದರೂ ಸರಿ ಇಲ್ಲದಿದ್ದರೂ ಸರಿ, ಒಂದು ಗುಣದ ಬೆಲೆ ಅಂಕೆಯಾಗಿರಬೇಕೋ ಅಕ್ಷರವಾಗಿರಬೇಕೋ, ಎಷ್ಟು ಬೆಲೆಗಳಿರಬೇಕು ಎಂಬುದನ್ನೆಲ್ಲ ಸ್ಕೀಮಾ ಖಚಿತವಾಗಿ ಹೇಳುತ್ತದೆ. ‘ಇಲ್ಲಿ ಹೇಳದ ಗುಣವು ಬರಕೂಡದು’ ಎಂಬ ಒಂದು ನಿಯಮವನ್ನು ಸೇರಿಸಿಬಿಟ್ಟರೆ ಅಕ್ಷರತಪ್ಪುಗಳೆಲ್ಲ ಯಂತ್ರವು ತಯಾರಾಗುವ ಮುನ್ನವೇ ಬೆಳಕಿಗೆ ಬರುತ್ತವೆ.

ಹಳೆಯ ಟಿಪ್ಪಣಿಗಳು ಸಾವಿರಾರು ಇದ್ದವು. ಅವನ್ನು ಒಂದೊಂದಾಗಿ ಸ್ಕೀಮಾಗಳನ್ನಾಗಿ ಮಾರ್ಪಡಿಸುವುದು ಬರಿಯ ನಕಲು ಮಾಡುವ ಕೆಲಸವಾಗಿರಲಿಲ್ಲ. ಧ್ವನಿ ವಿಭಾಗವನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಬರೆಯುವ ಚಾಳಿ ಹಿಂದಿನಿಂದಲೂ ಇತ್ತು. ಡಬ್ಲ್ಯು.ಎಂ. ೮೭೩೧ ಎಂಬ ಒಂದೇ ಕೋಡೆಕ್ಕಿಗೆ ನಾಲ್ಕು ಬಗೆಯ ಮುಖ್ಯ ಚಿಪ್ಪುಗಳಿಗಾಗಿ ನಾಲ್ಕು ಚಾಲಕ ತಂತ್ರಾಂಶಗಳು ಒಂದು ಕಾಲದಲ್ಲಿ ಇದ್ದವು! ೨೦೦೭ರ ಸುಮಾರಿಗೆ ಕೋಡೆಕ್ಕಿನ ಭಾಗ, ಮುಖ್ಯ ಚಿಪ್ಪಿನ ಭಾಗ, ಇವೆರಡನ್ನೂ ಬೆಸೆಯುವ ಫಲಕದ ಭಾಗ ಎಂದು ಮೂರಾಗಿ ವಿಂಗಡಿಸಿದ ಮೇಲೆ ಚಾಲಕಗಳ ಆ ಪುನರಾವರ್ತನೆ ತಗ್ಗಿತು. ವಿವರಣೆಯ ಪುಟಗಳಲ್ಲಿಯೂ ಅದೇ ಬಗೆಯ ವಿಂಗಡಣೆ ನಡೆಯಬೇಕಾಗಿತ್ತು.

ಹೀಗೆ, ಧ್ವನಿಯ ಅಂಕೆಗಳನ್ನು ಸಾಗಿಸುವ ಸಾಧನಗಳಿಗೆಲ್ಲ ಸಮಾನವಾದ ಗುಣಗಳನ್ನು ಒಂದು ಸಾಮಾನ್ಯ ಸ್ಕೀಮಾದಲ್ಲಿ ಬರೆದಿಟ್ಟರು. ಧ್ವನಿಮೇಳದ ಹೆಸರು, ಅದರ ಒಳದಾರಿಗಳು ಮುಂತಾದವನ್ನು ಇನ್ನೊಂದು ಸಾಮಾನ್ಯ ಸ್ಕೀಮಾದಲ್ಲಿ ಸೇರಿಸಿದರು. ಒಂದೊಂದು ಚಿಪ್ಪಿನ ಸ್ಕೀಮಾವು ಆ ಸಾಮಾನ್ಯ ಭಾಗವನ್ನು ಹೆಸರಿಸಿ, ತನಗೆ ವಿಶೇಷವಾದುದನ್ನು ಮಾತ್ರ ಹೇಳಿದರೆ ಸಾಕಾಯಿತು. ಸಾಮಾನ್ಯ ಭಾಗದಲ್ಲಿ ಒಂದು ದೋಷವನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಎಲ್ಲ ಕಡೆಯೂ ತಿದ್ದಿದಂತಾಯಿತು.

ಈ ಸಾಮಾನ್ಯ ಗುಣಗಳಲ್ಲಿ ಎರಡನ್ನು ಉದಾಹರಿಸಬಹುದು. ಒಂದೇ ಫಲಕದಲ್ಲಿ ಎಡಕ್ಕೊಂದು, ಬಲಕ್ಕೊಂದು ಒಂದೇ ಮಾದರಿಯ ಆಂಪ್ಲಿಫೈಯರುಗಳಿರುವುದುಂಟು. ತದ್ರೂಪಿ ಅವಳಿ ಮಕ್ಕಳನ್ನು ಒಂದೇ ಹೆಸರಿನಿಂದ ಕರೆದರೆ ಓಗೊಡುವವರು ಯಾರು? ಆದುದರಿಂದ ಒಂದೊಂದಕ್ಕೂ ಬೇರೆ ಪೂರ್ವನಾಮವನ್ನು ಕೊಡುವ ಗುಣವೊಂದಿದೆ. ಅದು ಯಾವ ಚಿಪ್ಪಿಗಾದರೂ ಬೇಕಾಗಬಹುದು. ಆದುದರಿಂದ ಅದರ ಜಾಗ ಸಾಮಾನ್ಯ ಸ್ಕೀಮಾದಲ್ಲಿ. ಎರಡನೆಯದು ಧ್ವನಿಯ ದಾರಿಯನ್ನು ಸೂಚಿಸುವ ಗುಣ. ಕೋಡೆಕ್ಕಿನ ಯಾವ ಬಾಯಿಯಿಂದ ಹೊರಟ ಧ್ವನಿ ಯಾವ ಸ್ಪೀಕರಿಗೆ ಹೋಗುತ್ತದೆಂದು ಅದು ಜೋಡಿಜೋಡಿಯಾಗಿ ಹೇಳುತ್ತದೆ. ಎಲ್ಲ ಫಲಕಗಳಿಗೂ ಬೇಕಾದ ಈ ಒಂದೇ ಗುಣವನ್ನು ಸ್ಯಾಮ್ಸಂಗ್ ಫಲಕಗಳಲ್ಲಿ ಸ್ಯಾಮ್ಸಂಗಿನ ಹೆಸರು ಹಚ್ಚಿ, ಕ್ವಾಲ್ಕಾಮ್ ಫಲಕಗಳಲ್ಲಿ ಕ್ವಾಲ್ಕಾಮಿನ ಹೆಸರು ಹಚ್ಚಿ ಬರೆಯುತ್ತಿದ್ದರು. ಮುಂದೆ ಇವೆರಡಕ್ಕೂ ಯಾರ ಹೆಸರೂ ಇಲ್ಲದ ಒಂದೇ ಸಾಮಾನ್ಯ ನಾಮವನ್ನು ಗೊತ್ತುಮಾಡಿದರು.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಹೆಸರನ್ನು ಬದಲಾಯಿಸಿದರೆ ಹಳೆಯ ಹೆಸರಿನಲ್ಲಿ ಬರೆದ ವೃಕ್ಷಗಳ ಗತಿಯೇನು? ಅವು ಆಗಲೇ ಮಾರಾಟವಾಗಿ ಯಾರದೋ ಮನೆಯಲ್ಲಿರುವ ಯಂತ್ರಗಳ ಒಳಗಿವೆ. ಅವನ್ನು ಯಾರೂ ತಿದ್ದಲು ಹೋಗುವುದಿಲ್ಲ. ಆ ಮನೆಯವರು ಕರ್ನಲನ್ನು ಮಾತ್ರ ಹೊಸದಾಗಿಸಿಕೊಂಡರೆ, ನಿನ್ನೆಯವರೆಗೆ ಹಾಡುತ್ತಿದ್ದ ಯಂತ್ರ ಇಂದು ಮೂಕವಾಗಬೇಕೇ? ಹಾಗಾಗಬಾರದೆಂಬುದು ಲಿನಕ್ಸಿನವರು ಪಾಲಿಸಿಕೊಂಡು ಬಂದ ನಿಯಮ. ಸಾಧನವೃಕ್ಷವೆಂಬುದು ಒಮ್ಮೆ ಕೊಟ್ಟ ಮಾತು. ಆದುದರಿಂದ ಹಳೆಯ ಹೆಸರನ್ನು ಅಳಿಸದೆ, ‘ಇದು ಹಿಂದಿನದು, ಹೊಸದಾಗಿ ಬರೆಯುವವರು ಬಳಸತಕ್ಕದ್ದಲ್ಲ’ ಎಂದು ಸ್ಕೀಮಾದಲ್ಲಿ ಗುರುತು ಹಾಕಿದರು. ಕರ್ನಲ್ ಹೊಸ ಹೆಸರನ್ನೂ ಓದುತ್ತದೆ, ಹಳೆಯದನ್ನೂ ಓದುತ್ತದೆ. ನಮ್ಮ ಶಾಲೆಯಲ್ಲಿಯೂ ಹೊಸ ನಮೂನೆ ಬಂದಿತೆಂದು ಹಳೆಯ ದಾಖಲಾತಿ ಪುಸ್ತಕವನ್ನು ನಾವು ಎಸೆಯಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಓದಿದವರು ಪ್ರಮಾಣಪತ್ರಕ್ಕಾಗಿ ಬಂದರೆ ತೆರೆಯಬೇಕಾದುದು ಆ ಪುಸ್ತಕವನ್ನೇ ಅಲ್ಲವೇ? ಜನ ವಾಸವಾಗಿರುವ ಮನೆಯ ತೊಲೆಯನ್ನು ಬದಲಾಯಿಸುವವನು ಮೊದಲು ಮಾಡಿಗೆ ಆಸರೆ ಕೊಡುತ್ತಾನೆ. ಆಮೇಲೆ ಹಳೆಯ ತೊಲೆಗೆ ಕೈ ಹಚ್ಚುತ್ತಾನೆ.

ಸ್ಕೀಮಾ ಬಂದಮೇಲೆ ಎಲ್ಲ ದೋಷಗಳೂ ತೀರಿಹೋದವೆಂದು ಭಾವಿಸಬಾರದು. ಧ್ವನಿಯ ದಾರಿಯನ್ನು ಬರೆಯುವಾಗ ಜೋಡಿಯಲ್ಲಿ ಸೇರುವ ಜಾಗವನ್ನು ಮೊದಲೂ ಹೊರಡುವ ಜಾಗವನ್ನು ಅನಂತರವೂ ಬರೆಯಬೇಕು. ಎಡದ ಸ್ಪೀಕರು ಎಂದು ಬರೆಯಬೇಕಾದಲ್ಲಿ ಬಲದ ಸ್ಪೀಕರು ಎಂದು ಬರೆದರೆ, ಎರಡೂ ಒಪ್ಪತಕ್ಕ ಹೆಸರುಗಳೇ ಆದುದರಿಂದ ಪರೀಕ್ಷಕ ಯಂತ್ರವು ಅದನ್ನು ಒಪ್ಪಿಬಿಡುತ್ತದೆ. ಅರ್ಜಿಯ ಅಂಕಣಗಳೆಲ್ಲ ತುಂಬಿವೆಯೇ ಎಂದು ನೋಡುವ ಗುಮಾಸ್ತನು ಅದರಲ್ಲಿ ಬರೆದುದು ನಿಜವೇ ಎಂದು ಹೇಗೆ ಬಲ್ಲ? ಸ್ಕೀಮಾವು ಆಕಾರವನ್ನು ಪರೀಕ್ಷಿಸಬಲ್ಲದು, ಸತ್ಯವನ್ನು ಪರೀಕ್ಷಿಸಲಾರದು. ಅದಕ್ಕೆ ಫಲಕವನ್ನು ಕಣ್ಣಿನಿಂದ ನೋಡುವ, ತಂತಿಯ ಜಾಡನ್ನು ಬೆರಳಿನಿಂದ ಹಿಡಿಯುವ, ಕೊನೆಗೆ ಕಿವಿಗೊಟ್ಟು ಕೇಳುವ ಮನುಷ್ಯನೇ ಬೇಕು. ಸಣ್ಣ ತಪ್ಪುಗಳ ಕಾವಲನ್ನು ಯಂತ್ರಕ್ಕೆ ಒಪ್ಪಿಸಿದುದರಿಂದ ಆತನಿಗೆ ಈ ದೊಡ್ಡ ಕೆಲಸಕ್ಕೆ ಬಿಡುವು ದೊರೆಯಿತು.

ಈ ಸ್ಕೀಮಾಗಳನ್ನು ತಿದ್ದುತ್ತಿರುವವರಲ್ಲಿ ಬಹುಮಂದಿ ಪರಸ್ಪರ ಮುಖವನ್ನು ಕಂಡವರಲ್ಲ. ಅವರ ಕೆಲಸದ ಫಲವನ್ನು ಅನುಭವಿಸುವವರಿಗೆ ಅವರ ಹೆಸರೂ ತಿಳಿದಿರುವುದಿಲ್ಲ. ಹಾಡು ಕೇಳಿಸಿದಾಗ ಯಾರೂ ವಿವರಪಟ್ಟಿಯನ್ನು ನೆನೆಯುವುದಿಲ್ಲ. ಕೇಳಿಸದಿದ್ದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ನಾಳೆ ನೀವು ಒಂದು ಅರ್ಜಿಯನ್ನು ತುಂಬುವಾಗ, ಪ್ರಯೋಗಶಾಲೆಯ ಸೀಸೆಗೆ ಚೀಟಿ ಅಂಟಿಸುವಾಗ, ಅದನ್ನು ಓದಲಿರುವವನು ನಿಮ್ಮ ಬಳಿ ಬಂದು ಅರ್ಥ ಕೇಳಲಾರನೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
೧. ಕರ್ನಲ್ ಎಂಬ ಮಾತಿನ ಅರ್ಥವೇನು?
೨. ಕೋಡೆಕ್ಕಿನ ಕೆಲಸ ಯಾವುದು?
೩. ಸಾಧನವೃಕ್ಷದ ಒಂದು ಗೆಣ್ಣು ಏನನ್ನು ಸೂಚಿಸುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
೧. ಸಾಧನವೃಕ್ಷದಲ್ಲಿ ಒಂದಕ್ಷರ ತಪ್ಪಿದರೂ ಯಂತ್ರವು ಮೂಕವಾಗಲು ಕಾರಣವೇನು?
೨. ಹಳೆಯ ಹೆಸರುಗಳನ್ನು ಅಳಿಸದೆ ಉಳಿಸಿಕೊಂಡುದೇಕೆ?
೩. ‘ಸ್ಕೀಮಾವು ಆಕಾರವನ್ನು ಪರೀಕ್ಷಿಸಬಲ್ಲದು, ಸತ್ಯವನ್ನು ಪರೀಕ್ಷಿಸಲಾರದು.’ ಈ ಮಾತನ್ನು ಉದಾಹರಣೆಯೊಡನೆ ವಿವರಿಸಿ.

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ನಿಯಮಾವಳಿ, ಇನ್ನೊಬ್ಬರು, ತಾಳವಿದೆ.